ಜೊತೆಗಾತಿಯ ಪುಟ

"ಇವಳು ನಮ್ಮಕ್ಕ ಅಲ್ವಾ ಭಾವ?" ಎಂದು ಹೆಂಡತಿಯ ತಂಗಿ ಟಿವಿಯ ಮುಂದೆ ಬಗ್ಗಿದಾಗ ಲಿಫ್ಟ್ ಮೆಕ್ಯಾನಿಕ್‌ಗೆ ಹೆಮ್ಮೆಯೇ ಆಯಿತು. ವಾರವಿಡೀ ಲಿಫ್ಟಿನ ಕತ್ತಲ ಗುಂಡಿಗಳಿಗೆ ಇಳಿದು ಹಗ್ಗಗಳಿಗೆ ಗ್ರೀಸು ಬಳಿಯುವವನು ರಜೆಯ ದಿನ ಈ ವಿಡಿಯೋ ಆಟದಲ್ಲಿ ವೀರನಾಗಿ ಮೆರೆಯುತ್ತಿದ್ದ. ಪರದೆಯ ಮೇಲೆ ವೀರ ಕತ್ತಿ ಹಿರಿದು ನಿಂತಿದ್ದ. ಪಕ್ಕದಲ್ಲಿ ಅವನ ಜೊತೆಗಾತಿ: ಅದೇ ಗುಂಡು ಮುಖ, ಅದೇ ಬಿಗಿ ಜಡೆ, ಗಲ್ಲದ ಮೇಲೆ ಅದೇ ಮಚ್ಚೆ. ಆಟ ಶುರುಮಾಡಿದ ದಿನ ಊಟ ಬಿಟ್ಟು ಕೂತು ಆ ಮುಖ ತಿದ್ದಿದ್ದ.

ಒಳಗೆ ಬಟ್ಟೆ ಮಡಚುತ್ತಿದ್ದ ಅಕ್ಕನನ್ನು ತಂಗಿ ಕೂಗಿದಳು. ಇಷ್ಟು ದಿನ ಟಿವಿಯ ಕಡೆ ತಿರುಗಿಯೂ ನೋಡದವಳು ಬಂದು, ನೋಡಿ, ಮುಸಿಮುಸಿ ನಕ್ಕು ಅವನ ಪಕ್ಕ ಕೂತೇಬಿಟ್ಟಳು. ಮಚ್ಚೆಯನ್ನೂ ಮರೆತಿಲ್ಲವಲ್ಲ ಎಂದಳು. ಮೆಕ್ಯಾನಿಕ್ ಉಬ್ಬಿಹೋದ. ಉಬ್ಬಿದ ಗಂಡಸಿನ ಬಾಯಿ ಸುಮ್ಮನಿರುತ್ತದೆಯೇ? ಯಾರೂ ಕೇಳದಿದ್ದರೂ ಆಟದ ಮರ್ಮವೆಲ್ಲ ಹೇಳತೊಡಗಿದ. ಶತ್ರುಗಳನ್ನು ಹೊಡೆದಷ್ಟೂ ಅನುಭವ, ಅನುಭವ ತುಂಬಿದರೆ ಲೆವೆಲ್, ಲೆವೆಲ್ ಏರಿದಾಗಲೆಲ್ಲ ಇಬ್ಬರಿಗೂ ಹಂಚಲು ಪಾಯಿಂಟುಗಳು. ಯಾವ ವಿದ್ಯೆಗೆ ಹಾಕುತ್ತೇವೋ ಅದರಲ್ಲಿ ಅವರು ಬೆಳೆಯುತ್ತಾರೆ. ಹಾಗೆನ್ನುತ್ತ ವೀರನ ಪುಟ ತೆರೆದ. ಕತ್ತಿ, ಬೆಂಕಿ, ಕುದುರೆ ಸವಾರಿ, ಮಾತುಗಾರಿಕೆ, ಹೊರೆ ಹೊರುವುದೊಂದನ್ನು ಬಿಟ್ಟು ಎಲ್ಲ ಪಟ್ಟಿಗಳೂ ಹಸಿರಾಗಿ ತುಂಬಿದ್ದವು.

"ಅಕ್ಕಂದು ತೋರ್ಸಿ," ಎಂದಳು ನಾದಿನಿ.

ಯೋಚಿಸುವ ಮೊದಲೇ ಅವನ ಬೆರಳು ಒತ್ತಿಬಿಟ್ಟಿತ್ತು. ಜೊತೆಗಾತಿಯ ಪುಟದಲ್ಲಿ ಪೂರ್ತಿ ತುಂಬಿದ್ದ ಪಟ್ಟಿ ಒಂದೇ: ಹೊರೆ ಹೊರುವುದು. ಗಾಯಕ್ಕೆ ಮದ್ದು ಹಚ್ಚುವುದು ಅರ್ಧಕ್ಕೆ ಬಂದಿತ್ತು. ಬಿಲ್ಲು, ಈಜು, ಹಾಡು, ನಕ್ಷೆ ಓದುವುದು, ಉಳಿದವೆಲ್ಲ ಖಾಲಿ ಖಾಲಿ.

ನಾದಿನಿ ಗೊಳ್ಳೆಂದು ನಕ್ಕಳು. "ಪರವಾಗಿಲ್ಲ ಭಾವ, ಮುಖ ಮಾತ್ರ ಅಲ್ಲ, ಎಲ್ಲಾನೂ ಅಕ್ಕನ ಥರಾನೇ ಮಾಡಿದೀರ."

ಹೆಂಡತಿ ನಗಲಿಲ್ಲ. ಇದು ಬರೀ ಆಟ, ಸಾಮಾನು ಜಾಸ್ತಿ ಇರುತ್ತದೆ, ಯಾರಾದರೂ ಹೊರಬೇಕಲ್ಲ ಎಂದು ಅವನು ತೊದಲಿದ. ಮುಂದಿನ ಲೆವೆಲ್‌ಗೆ ಬೇರೆಯದಕ್ಕೂ ಹಾಕೋಣ ಅಂತಿದ್ದೆ ಎಂದೂ ಸೇರಿಸಿದ.

"ಡ್ರೈವಿಂಗ್ ಕಲೀತೀನಿ ಅಂದಾಗ್ಲೂ ಹಿಂಗೇ ಅಂದಿದ್ರಿ," ಎಂದಳು ಅವಳು. ಜಗಳದ ದನಿಯೇ ಅಲ್ಲ. ಎದ್ದು ಬಟ್ಟೆಯ ರಾಶಿಯ ಕಡೆ ಹೋದಳು.

ಮೆಕ್ಯಾನಿಕ್‌ನ ಕಿವಿ ಬಿಸಿಯಾಯಿತು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ನಾದಿನಿಯ ಎದುರು ಮಾನ ಹೋಯಿತು ಅನ್ನುವುದು ಒತ್ತಟ್ಟಿಗಿರಲಿ, ಅಪರೂಪಕ್ಕೆ ಖುಷಿಯಾಗಿ ಪಕ್ಕ ಕೂತವಳನ್ನು ತಾನೇ ಎಬ್ಬಿಸಿ ಕಳಿಸಿದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿದ. ನಾದಿನಿ ಹೊರಟ ಮೇಲೆ ಜೊತೆಗಾತಿಯ ಪಾಯಿಂಟುಗಳನ್ನೆಲ್ಲ ವಾಪಸ್ ತೆಗೆದು ಹೊಸದಾಗಿ ಹಂಚಲು ಕೂತ. ಹಾಡಿಗೆ ಹಾಕಲೇ, ನಕ್ಷೆಗೆ ಹಾಕಲೇ? ತನಗೆ ಯಾವುದರಿಂದ ಅನುಕೂಲ ಎಂಬುದು ಥಟ್ಟನೆ ಹೊಳೆಯುತ್ತಿತ್ತು. ಅವಳಿಗೆ ಯಾವುದು ಇಷ್ಟ ಎಂಬುದು ಎಷ್ಟು ತಲೆ ಕೆರೆದುಕೊಂಡರೂ ಗೊತ್ತಾಗಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಏನು ಮಾಡುತ್ತಿದ್ದೆ ಎನ್ನಿಸಿತು. ಕೊನೆಗೆ ಒಳಗೆ ಹೋಗಿ, ಅವಳ ಮುಖ ನೋಡದೆ ಆಟ ಆಡಿಸುವ ಕಂಟ್ರೋಲರ್ ಚಾಚಿದ.

"ನೀನೇ ಹಾಕು."

ಅವಳು ಕೈಲಿದ್ದ ಅಂಗಿ ಕೆಳಗಿಟ್ಟು ಬಂದಳು. ಯಾವ ಗುಂಡಿ ಎಂದು ಕೇಳಿಕೊಂಡು ಎಲ್ಲವನ್ನೂ ಈಜಿಗೆ ಹಾಕಿದಳು.

"ನಿಂಗೆ ಈಜು ಬರುತ್ತಾ?"

"ಕಾಲೇಜಲ್ಲಿ ಎಲ್ರಿಗಿಂತ ಮುಂದೆ ಇರ್ತಿದ್ದೆ. ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಪುಟ ಮುಚ್ಚಿದೊಡನೆ, ಹೊರೆ ಹೊರುವ ಪಟ್ಟಿ ಖಾಲಿಯಾಗಿದ್ದ ಜೊತೆಗಾತಿಯ ಬೆನ್ನಿನಿಂದ ಗುರಾಣಿ, ಡೇರೆ, ಬಾಣದ ಕಟ್ಟು, ಕಬ್ಬಿಣದ ಪೆಟ್ಟಿಗೆ ದಡದಡನೆ ನೆಲಕ್ಕೆ ಬಿದ್ದವು. ಹೆಂಡತಿ ಅವಳನ್ನು ನಡೆಸಿಕೊಂಡು ಹೋಗಿ ಹೊಳೆಗೆ ಇಳಿಸಿದಳು. ಮೆಕ್ಯಾನಿಕ್ ಇನ್ನೊಂದು ಕಂಟ್ರೋಲರ್ ಎತ್ತಿಕೊಂಡು ತನ್ನ ವೀರನನ್ನು ಬಗ್ಗಿಸಿದ. ಒಂದೊಂದು ಸಾಮಾನು ಹೆಗಲಿಗೇರಿದಂತೆ ವೀರನ ನಡಿಗೆ ಕುಗ್ಗುತ್ತ ಬಂತು. ಪೆಟ್ಟಿಗೆ ಎತ್ತಿದ ಮೇಲೆ ಹೆಜ್ಜೆಯೇ ಏಳಲಿಲ್ಲ. ನೀರಿನ ನಡುವೆ ಜೊತೆಗಾತಿಯ ಜಡೆ ಬಿಚ್ಚಿಕೊಂಡು ಹರಡಿತ್ತು, ಅವಳು ಆಚೆ ದಡದ ಕಡೆ ಹೋಗುತ್ತಿದ್ದಳು.