ಪಕ್ಕದ ಕಿಟಕಿ

ಮೂವತ್ತೆರಡು ವರ್ಷ ರೈಲು ಓಡಿಸಿದ ಡ್ರೈವರಿಗೆ ಕಣ್ಣೆಲ್ಲ ಎದುರಿನ ಹಳಿ, ಸಿಗ್ನಲುಗಳ ಮೇಲೆಯೇ. ಪಕ್ಕಕ್ಕೆ ಹೊರಳಿ ನೋಡಿದ್ದೇ ಕಡಿಮೆ. ನಿವೃತ್ತಿಯಾದ ಎಂಟೇ ತಿಂಗಳಿಗೆ ಲಕ್ವ ಹೊಡೆಯಿತು. ಕಾಲು ನಿಧಾನವಾಗಿ ಎದ್ದು ನಿಂತಿತು, ಬಲಗೈ ಹಿಡಿತಕ್ಕೆ ಬಂತು. ಮಾತು ಮಾತ್ರ ಮುನಿಸಿಕೊಂಡು ಕೂತಿತು. ಎಲ್ಲವೂ ಅರ್ಥವಾಗುತ್ತಿತ್ತು, ಹೇಳಹೊರಟರೆ ಒಂದೆರಡು ಶಬ್ದ ಹೊರಬಿದ್ದು ಉಳಿದದ್ದು ಗಂಟಲಲ್ಲೇ ಕಟ್ಟಿಕೊಳ್ಳುತ್ತಿತ್ತು.

ಹೆಂಡತಿ ಹೇಳಿ ಕೇಳಿ ಶಾಲೆಯ ಟೀಚರು. ಅವರಿಗೆ ಮಾತಿನ ಬರವೇ ಇಲ್ಲ. ಗಂಡ "ನೀರು..." ಎಂದರೆ ಸಾಕು, "ಬಿಸಿನೀರಾ? ಕುಡಿಯೋಕಾ? ತಡೀರಿ, ತರ್ತೀನಿ" ಎಂದು ಎದ್ದುಬಿಡುತ್ತಿದ್ದರು. ಪಾಪ, ಡ್ರೈವರು ಹೇಳಹೊರಟಿದ್ದು ನಲ್ಲಿ ಸೋರುತ್ತಿದೆ ಎಂದು. ಲೋಟ ಎದುರಿಗೆ ಬಂದಾಗ ಗೋಡೆ ಕಡೆ ಮುಖ ತಿರುಗಿಸಿ ಮಲಗುತ್ತಿದ್ದರು.

ಪ್ರತಿ ಮಂಗಳವಾರ ಮಾತಿನ ಚಿಕಿತ್ಸೆಗೆಂದು ರೈಲಿನಲ್ಲಿ ಎರಡು ಗಂಟೆ ಪಯಣಿಸಿ ಪಟ್ಟಣದ ಆಸ್ಪತ್ರೆಗೆ ಹೋಗಬೇಕಿತ್ತು. ಚಿಕಿತ್ಸೆ ಕೊಡುವವಳು ಮಗಳ ವಯಸ್ಸಿನವಳು. ಮೊದಲ ದಿನವೇ ಅವಳು ಟೀಚರಿಗೇ ಪಾಠ ಮಾಡಿದಳು.

"ಅಮ್ಮ, ಬಿಟ್ಟ ಸ್ಥಳ ತುಂಬಬೇಕಾದವರು ಅವರು, ನೀವಲ್ಲ. ಅವರು ಬಾಯಿ ತೆರೆದಾಗ ನೀವು ಮನಸ್ಸಲ್ಲೇ ಇಪ್ಪತ್ತು ಎಣಿಸಿ."

"ಇಪ್ಪತ್ತಾ! ಅಷ್ಟೊತ್ತಿಗೆ ನನ್ ಜೀವ ಹೋಗುತ್ತಮ್ಮ."

ಮೂರನೆಯ ಮಂಗಳವಾರ ಮರಳಿ ಬರುವಾಗ, ರೈಲು ಒಂದು ಕೆರೆಯ ಬಳಿ ನಿಧಾನವಾಯಿತು. ಕಿಟಕಿ ಪಕ್ಕ ಕೂತಿದ್ದ ಡ್ರೈವರು "ಕೊಕ್ಕರೆ" ಎಂದರು. 'ಹೂಂ, ಮೀನು ಹಿಡೀತಿದೆ' ಎನ್ನುವುದು ಟೀಚರ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಎಣಿಸತೊಡಗಿದರು. ಹನ್ನೊಂದಕ್ಕೆ "ಒಂಟಿಕಾಲು" ಬಂತು. ಇಪ್ಪತ್ತು ದಾಟಿತು, ಕೆರೆಯೂ ದಾಟಿತು. ಇಪ್ಪತ್ತಾರಕ್ಕೆ ಡ್ರೈವರು ಹೇಳಿದರು: "ರೈಲಿಗೂ ಹೆದರಲ್ಲ."

ಟೀಚರು ಆಸ್ಪತ್ರೆಯ ಚೀಟಿಯ ಹಿಂದೆ ಅದನ್ನು ಮೂರು ಸಾಲಾಗಿ ಬರೆದು ತೋರಿಸಿದರು. ಡ್ರೈವರು ಒಂದೊಂದು ಪದದ ಮೇಲೂ ಬೆರಳಿಟ್ಟು ಓದಿದರು. ಎಷ್ಟೋ ದಿನಗಳ ಮೇಲೆ ಅವರ ಮುಖ ಅರಳಿತು.

ಆಮೇಲೆ ಚೀಟಿ ಹೋಗಿ ನೋಟ್‌ಬುಕ್ ಬಂತು.

ಒಣಗೋ ಅಂಗಿ
ಕೈ ಬೀಸ್ತು
ಯಾರಿಗೆ?

ಹುಲ್ಲಿನ ಬಣವೆ
ಮೇಲೆ ಮೇಕೆ
ರಾಣಿ

"ಅಮ್ಮ, ಇವು ಹೈಕು!" ಎಂದು ಚಿಕಿತ್ಸೆಯ ಹುಡುಗಿ ಕುಣಿದಾಡಿದಳು. "ಜಪಾನಿನ ಪುಟ್ಟ ಪದ್ಯ, ಮೂರೇ ಸಾಲು. ಕಂಡದ್ದನ್ನಷ್ಟೇ ಹೇಳೋದು."

ಹೈಕುವಿಗೆ ಸಾಲಿಗೆ ಐದು, ಏಳು, ಐದು ಅಕ್ಷರಗಳ ಲೆಕ್ಕವಿದೆಯೆಂದು ಟೀಚರು ಎಲ್ಲೋ ಓದಿದ್ದರು. ಬೆರಳು ಮಡಿಸಿ ನೋಡಿದರು. "ಲೆಕ್ಕ ಕೂಡಲ್ವಲ್ಲ?"

"ಮಾರ್ಕ್ಸ್ ಕಟ್ ಮಾಡ್ಬೇಡಿ ಅಮ್ಮ!"

ಡ್ರೈವರು ಗಹಗಹಿಸಿ ನಕ್ಕರು.

ಆದರೆ ಹುಟ್ಟುಗುಣ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮುಂದಿನ ಮಂಗಳವಾರ ಮರಳುವ ರೈಲಿನಲ್ಲಿ ಎದುರು ಸೀಟಿನ ಹೆಂಗಸಿಗೆ ಟೀಚರು ನೋಟ್‌ಬುಕ್ ತೆರೆದು ರಾಗವಾಗಿ ಓದಿದರು: "ಹೊನ್ನಿನ ಬಣವೆಯ ಸಿಂಹಾಸನದಲಿ ಮೆರೆವಳು ಮೇಕೆಯ ಮಹಾರಾಣಿ." ರಾತ್ರಿಯೆಲ್ಲ ಕೂತು ತಿದ್ದಿದ್ದರು. ಹೆಂಗಸು ಆಹಾ ಎಂದಳು. ಡ್ರೈವರು ನೋಟ್‌ಬುಕ್ ಕಿತ್ತುಕೊಂಡರು.

"ನಂದಲ್ಲ."

ಆ ಒಂದು ಮಾತು ಎಲ್ಲೂ ತೊದಲಲಿಲ್ಲ. ಟೀಚರ ಮುಖ ಹುಳ್ಳಗಾಯಿತು. ಮದುವೆಯಾದಾಗಿನಿಂದ ಈ ಮನುಷ್ಯನ ಎಷ್ಟು ಮಾತುಗಳನ್ನು ತಾನೇ ಆಡಿ ಮುಗಿಸಿದ್ದೇನೋ ಎಂದು ನೆನೆಯುತ್ತ ಕೂತರು.

"ತಪ್ಪಾಯ್ತು ರೀ" ಎಂದರು ಕೊನೆಗೆ. ಡ್ರೈವರು ಪೆನ್ನಿಗಾಗಿ ಕೈ ಚಾಚಿದರು. ಕೊಟ್ಟು, ಕಣ್ಣೊರೆಸಿಕೊಂಡು, ಸೀಟಿಗೆ ತಲೆಯಾನಿಸಿದ ಟೀಚರಿಗೆ ತಿಂಗಳುಗಳ ದಣಿವಿಗೆ ನಿದ್ದೆ ಹತ್ತಿದ್ದೇ ತಿಳಿಯಲಿಲ್ಲ.

ಇಳಿಯುವ ನಿಲ್ದಾಣ ಬಂದಾಗ ಗಂಡ ಭುಜ ತಟ್ಟುತ್ತಿದ್ದರು. ಮಡಿಲಲ್ಲಿ ನೋಟ್‌ಬುಕ್ ತೆರೆದಿತ್ತು. ಒಂದನೇ ಕ್ಲಾಸಿನ ಮಕ್ಕಳ ಹಾಗೆ ಸೊಟ್ಟ ಸೊಟ್ಟ ಅಕ್ಷರ:

ನೀನು ನಿದ್ದೆ
ಮೂಗಿನ ಮೇಲೆ ಬಿಸಿಲು
ನಾ ಹೊರಗೆ ನೋಡ್ಲಿಲ್ಲ

ಟೀಚರು ಎರಡು ಸಲ ಓದಿದರು. "ಎಬ್ಬಿಸ್ಬಾರದಿತ್ತಾ? ಕೆರೆ ಎಲ್ಲ ಹೋಯ್ತಲ್ಲ."

"ಹೋಗ್ಲಿ" ಎಂದು ಡ್ರೈವರು ಚೀಲ ಹೆಗಲಿಗೇರಿಸಿ, ಇಳಿಯಲು ಅವರ ಕೈ ಹಿಡಿದರು.