ಬಿಸಿಲಿಗೆ ಹಾಕಿದ ತೌಡು

ಹಾಲವ್ವ ಮಾಡಿದ್ದು ಒಂದೇ ತಪ್ಪು, ಅದೂ ಒಳ್ಳೆಯ ಮನಸ್ಸಿನಿಂದ. ಆದರೆ ಅದನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಳಲ್ಲ, ಅದಕ್ಕೆ ಒಳ್ಳೆಯ ಮನಸ್ಸು ಅನ್ನಲು ಬಾರದು.

ಘಾಟ್ಕೋಪರಿನ ಒಂದು ಬಿಲ್ಡಿಂಗಿನ ಟೆರೇಸಿನ ಮೇಲೆ ಹಿತೇಶ್ ಸೇಠನ ಹಸಿರುಮನೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಸಾಲು ಸಾಲು ಸೌತೆಬಳ್ಳಿ. ನೋಡಿಕೊಳ್ಳುವವಳು ಸಯನ್‌ನ ಮಾಧುರಿ, ಕೃಷಿ ಓದಿದ ಕನ್ನಡದ ಹುಡುಗಿ. ಬೆನ್ನು ಹಿಡಿದು, ಸಿಮೆಂಟು ಹೊರಲಾರದೆ ಕೂತಿದ್ದ ಹಾಲವ್ವನನ್ನು ಕರೆತಂದು ಕೆಲಸಕ್ಕೆ ಹಚ್ಚಿದವಳೂ ಅವಳೇ.

ಅವತ್ತು ಕೊರಿಯರಿನಲ್ಲಿ ಒಂದು ಬಾಟಲಿ ಬಂತು. ಮಾಧುರಿ ಸೌತೆಕಾಯಿ ತೆಗೆದುಕೊಂಡು ಬೈಕುಲ್ಲಾ ಮಾರ್ಕೆಟ್ಟಿಗೆ ಹೊರಟಿದ್ದಳು. "ಹಾಲವ್ವ, ಇದನ್ನ ನೆರಳಲ್ಲಿ ಇಡಿ. ಸಂಜೆ ಬಂದು ಎಲೆ ಮೇಲೆ ಉದುರಿಸುವ," ಅಂದವಳೇ ಓಡಿದಳು. ಒಳಗೇನಿದೆ ಎಂದು ಹೇಳಲಿಲ್ಲ.

ಹಾಲವ್ವ ಮುಚ್ಚಳ ತೆಗೆದು ನೋಡಿದಳು. ತೌಡು. ತೌಡಿನ ತುಂಬ ಕಂಡೂ ಕಾಣದಷ್ಟು ಸಣ್ಣ ಹುಳ ಹರಿದಾಡುತ್ತಿವೆ. ಅಯ್ಯೋ ಶಿವನೇ, ಪಾಪದ ಹುಡುಗಿಗೆ ಕೆಟ್ಟ ಮಾಲು ಕಳಿಸಿ ಟೋಪಿ ಹಾಕಿದ್ದಾರಲ್ಲ ಎಂದುಕೊಂಡಳು. ಹುಳ ಬಿದ್ದ ಜೋಳಕ್ಕೆ ಊರಲ್ಲಿ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಹಳೆ ಸೀರೆ ಹಾಸಿ ಉರಿಬಿಸಿಲಿಗೆ ಹರವಿದಳು, ನಾಲ್ಕು ಸಲ ಕೈಯಾಡಿಸಿದಳು, ಒಂದು ಹುಳವೂ ಉಳಿಯದಂತೆ ಒಣಗಿಸಿ ಬಾಟಲಿಗೆ ತುಂಬಿಟ್ಟಳು. ಇಷ್ಟು ಸಣ್ಣ ಉಪಕಾರಕ್ಕೆ ಹೇಳಿಕೊಳ್ಳುವುದೇನು ಎಂದು ಸುಮ್ಮನಾದಳು. ಸಂಜೆ ಇಬ್ಬರೂ ಸೇರಿ ಅದನ್ನು ಬಳ್ಳಿಗಳ ಮೇಲೆ ಉದುರಿಸಿದರು.

ವಾರ ಕಳೆದರೂ, ಬಳ್ಳಿಗೆ ಮೊದಲೇ ಹತ್ತಿದ್ದ ರಸ ಹೀರುವ ಕೆಂಪು ನುಸಿ ಎಲೆಯಡಿಯಲ್ಲಿ ಬಲೆ ಕಟ್ಟುತ್ತಲೇ ಇತ್ತು. ಮಾಧುರಿ ಭೂತಗನ್ನಡಿ ಹಿಡಿದು ಒಂದೊಂದೇ ಎಲೆ ತಿರುವಿದಳು. "ಆ ತೌಡಲ್ಲಿ ಬೇರೆ ಜಾತಿ ನುಸಿ ಇತ್ತು, ಹಾಲವ್ವ. ಈ ಕೆಂಪು ನುಸಿಯನ್ನ ಹಿಡಿದು ತಿನ್ನೋದೇ ಅದರ ಕೆಲಸ. ಮತ್ತೆ ದವಾ ಹೊಡೆಯುವ ಜರೂರತ್ತೇ ಇಲ್ಲ. ಒಂದೂ ಕಾಣ್ತಾ ಇಲ್ಲ ಮಾರಾಯ್ರೆ."

ತಾನು ಬಿಸಿಲಿಗೆ ಹಾಕಿ ಕೊಂದದ್ದು ಅದನ್ನೇ ಎಂದು ಹಾಲವ್ವನಿಗೆ ತಿಳಿಯಿತು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದಳು, ಸಿಮೆಂಟಿನ ಬುಟ್ಟಿ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿದಳು. ಅವತ್ತಿನಿಂದ ಉಂಡದ್ದು ಮೈಗೆ ಹತ್ತಲಿಲ್ಲ. ಮಾಧುರಿ ತನ್ನ ಡಬ್ಬಿಯಿಂದ ಪಲ್ಯ ಬಡಿಸಿದರೆ ತಲೆ ತಗ್ಗಿಸಿ ತಿನ್ನುತ್ತಿದ್ದಳು. ಉಪಕಾರ ಮಾಡಿದವಳ ಹೊಟ್ಟೆಯ ಮೇಲೆ ಹೊಡೆದು ಅವಳದೇ ಅನ್ನ ತಿನ್ನುವುದೆಂದರೆ ನಾಚಿಕೆಗೇಡು, ಬೇರೆ ಮಾತಿಲ್ಲ.

ಅರ್ಧ ಬಳ್ಳಿ ಒಣಗಿದಾಗ ಸೇಠ ಬಂದ. "ಹುಳ ತರಿಸಿ ಹುಳ ಕೊಲ್ತಾಳಂತೆ," ಎಂದು ಹಿಂದಿಯಲ್ಲಿ ರೇಗಿದ. ಬಾಟಲಿಯಲ್ಲೇ ಸತ್ತ ಹುಳ ಬಂದಿರಬೇಕು ಎಂದಳು ಮಾಧುರಿ. "ಹಾಗಿದ್ದರೆ ಕಂಪನಿಯವರನ್ನ ವಿಚಾರಿಸು. ಅವರದ್ದು ತಪ್ಪಿಲ್ಲ ಅಂತಾದರೆ ನಿನ್ನ ಕೆಲಸ ಇವತ್ತಿಗೇ ಮುಗೀತು," ಎಂದ.

ಹಾಲವ್ವನಿಗೆ ಇನ್ನು ತಡೆಯಲಾಗಲಿಲ್ಲ. "ಅಕ್ಕಾರದ ತಪ್ಪಲ್ರಿ ಸೇಠ್ರ, ತಪ್ಪು ನಂದೈತಿ. ತೌಡನ್ನ ನಾನ ಬಿಸಲಿಗಿ ಹಾಕೀನ್ರಿ. ಹುಳಾ ನಾನ ಕೊಂದೀನಿ." ದಿನಾ ಆಡುವ ಹಿಂದಿ ಆ ಗಳಿಗೆಗೆ ನಾಲಿಗೆಗೇ ಬರಲಿಲ್ಲ. ಸೇಠ ಮಾಧುರಿಯ ಮುಖ ನೋಡಿದ. ಮಾಧುರಿ ಹಾಲವ್ವನತ್ತ ತಿರುಗಿ ನೋಡಿದಳು. ಆಮೇಲೆ ಒಂದು ಮಾತೂ ಬಿಡದೆ ಅವನಿಗೆ ಹಿಂದಿಯಲ್ಲಿ ಹೇಳಿದಳು.

ಸೇಠ ಹಾಲವ್ವನತ್ತ ತಿರುಗಲೇ ಇಲ್ಲ. "ಉದುರಿಸೋ ಮುಂಚೆ ಹುಳ ಬದುಕಿದೆಯಾ ಅಂತ ನೋಡೋದು ನಿನ್ನದೇ ರೂಲು. ನೋಡಿದ್ದೆಯಾ?"

"ಇಲ್ಲ," ಎಂದಳು ಮಾಧುರಿ. ಆಮೇಲೆ ಹಾಲವ್ವನ ಕಡೆ ತಿರುಗಿ ಕನ್ನಡದಲ್ಲಿ, "ಪ್ರತಿ ಸಲ ನೋಡ್ತೇನೆ. ಈ ಸಲ ನಿಮ್ಮ ಹತ್ರ ಇತ್ತಲ್ಲ, ಅದಕ್ಕೇ ನೋಡ್ಲಿಲ್ಲ."

"ಓದದವಳಿಗೆ ಏನು ಗೊತ್ತು? ತಪ್ಪು ಓದಿದವಳದ್ದೇ. ಕಂಪನಿಗೆ ಫೋನ್ ಮಾಡೋದು ಬೇಡ," ಎಂದ ಸೇಠ. ಮಾಧುರಿ ಚೀಲ ಹೆಗಲಿಗೇರಿಸಿದಳು.

"ನನ್ನ ಬೈರಿ ಅಕ್ಕಾರ, ಬೈದರ ಹೋಗ್ರಿ," ಎಂದು ಹಾಲವ್ವ ಲಿಫ್ಟಿನ ತನಕ ಬೆನ್ನು ಹತ್ತಿದಳು. ಮಾಧುರಿ ಬೈಯಲಿಲ್ಲ. ಹಾಲವ್ವನ ಕೆಲಸವೂ ಹೋಗಲಿಲ್ಲ.