ಇಲಿ ಬಿದ್ದಾವ

“ಕೈಗೆ ಮೆಹಂದಿ ಹಚ್ಚಿಕೊಂಡಿಯೇನ, ರಂಡೆ? ಎತ್ತು.”

ಮಾಣಿಕಪ್ಪ ಸತ್ತ ಹೆಗ್ಗಣವನ್ನು ಬೂಟಿನ ತುದಿಯಿಂದ ನನ್ನ ಕಡೆ ಒದ್ದ. ಅದರ ಮೂಗಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಾಲೀಕ ಹಿಂದೆಯೇ ನಿಂತಿದ್ದನಲ್ಲ, ಅದಕ್ಕೆ ನಾನು ರಂಡೆ. ಅವನಿಲ್ಲದಾಗ ಇದೇ ಮಾಣಿಕಪ್ಪನಿಗೆ ನಾನು ಶಿವದೇವಕ್ಕ. ಯಾದಗಿರಿ ಕಡೆಯ ಒಂದೇ ಊರು, ಒಂದೇ ಕೇರಿ ನಮ್ಮದು. ನನ್ನ ಕೈಯ ರೊಟ್ಟಿ ತಿಂದು ಬೆಳೆದವನು. ತೆಲುಗು ಸೀಮೆಯ ಬಾಲಾನಗರದ ಈ ಬೇಳೆ ಗೋಡೌನಿಗೆ ನಮ್ಮನ್ನು ಕರೆತಂದ ಮೇಸ್ತ್ರಿಯೂ ಅವನೇ.

ಹೆಗ್ಗಣವನ್ನು ಗೋಣಿಚೀಲಕ್ಕೆ ಹಾಕಿದೆ.

ಹಿಂದಿನ ನಾಲೆಯಾಚೆ ಮುಳ್ಳುಜಾಲಿಯ ಬಯಲು. ಅಲ್ಲಿಯ ಇಲಿ ಹೆಗ್ಗಣಗಳು, ವಿಷ ಇಡದೆಯೇ, ಹಾಡಹಗಲು ತೂರಾಡುತ್ತ ಬಂದು ನಮ್ಮ ಚೀಲಗಳ ನಡುವೆ ಸಾಯುತ್ತಿದ್ದವು. ಅವನ್ನು ಬರಿಗೈಯಲ್ಲಿ ಬಳಿದು ಎಸೆಯುತ್ತಿದ್ದವನು ನನ್ನ ಗಂಡ ಬಂಡೆಪ್ಪ. ಈಗ ಶೆಡ್ಡಿನಲ್ಲಿ ಮಲಗಿದ್ದ. ಮೈ ಕಾದ ಹಂಚು, ತೊಡೆಸಂದಿಯಲ್ಲಿ ಗಂಟು. ಕ್ಲಿನಿಕ್ಕಿನವನು ಮೈ ಮುಟ್ಟದೆ ಗುಳಿಗೆ ಕೊಟ್ಟು ಕಳಿಸಿದ್ದ. ದೊಡ್ಡ ದವಾಖಾನೆಗೆ ಒಯ್ಯುತ್ತೇನೆಂದರೆ ಮಾಣಿಕಪ್ಪ ತಡೆದ. ಇಲಿ ನೋಡಲು ಸರ್ಕಾರದ ಡಾಕ್ಟರು ಬರುತ್ತಾರೆ, ನಾನೇ ಎಲ್ಲ ಹೇಳಿ ಅವರ ಗಾಡಿಯಲ್ಲೇ ಬಂಡೆಪ್ಪಣ್ಣನನ್ನು ಕಳಿಸುತ್ತೇನೆ ಎಂದು ನನ್ನ ತಲೆ ಮುಟ್ಟಿ ಆಣೆಯಿಟ್ಟ. ನಂಬಿ ಕೂತೆ.

ಡಾಕ್ಟರು ಬಂದರು. ಮಾಲೀಕನ ಮೇಜಿನ ಮೇಲೆ ಚಹಾ, ಉಸ್ಮಾನಿಯಾ ಬಿಸ್ಕತ್ತು. ಬಯಲಿನ ಇಲಿಗಳಲ್ಲಿ ಸಾಯಿಸುವಂಥ ಬ್ಯಾಕ್ಟೀರಿಯಾ ಸಿಕ್ಕಿದೆ, ಇಲ್ಲೂ ಇಲಿ ಸತ್ತಿದ್ದರೆ ಗೋಡೌನ್ ಮುಚ್ಚಿಸಿ ಆಳುಗಳನ್ನು ದವಾಖಾನೆಗೆ ಒಯ್ಯಬೇಕು ಎಂದು ತೆಲುಗಿನಲ್ಲಿ ಹೇಳಿ ನನ್ನತ್ತ ನೋಡಿದರು. ತೆಲುಗು ನನಗೆ ತಿಳಿಯುತ್ತದೆ, ಆಡಲು ನಾಲಿಗೆ ಹೊರಳುವುದಿಲ್ಲ.

“ಇಲಿ ಬಿದ್ದಾವ್ರಿ” ಎಂದೆ.

ನಮ್ಮ ಕಡೆ ಈ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಇಲಿ ಬಿದ್ದವೆಂದರೆ ಸತ್ತು ಬಿದ್ದವೆಂದು, ಊರಿಗೆ ಬೇನೆ ಹೊಕ್ಕಿತೆಂದು. ಮುತ್ಯಾನ ಕಾಲದಲ್ಲಿ ಇದನ್ನು ಕೇಳಿದ್ದೇ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಮಾಣಿಕಪ್ಪನ ಆಯಿ ಹುಟ್ಟಿದ್ದೇ ಅಂಥ ಗುಡಿಸಲಲ್ಲಿ.

ಡಾಕ್ಟರಿಗೆ ಕನ್ನಡ ಬಾರದು, ತಿರುಗಿಸಿ ಹೇಳಬೇಕಾದವನು ಮಾಣಿಕಪ್ಪ. ಅವನು ಮಾಲೀಕನ ಮುಖ ನೋಡಿದ. ಆಮೇಲೆ ಡಾಕ್ಟರಿಗೆ ತೆಲುಗಿನಲ್ಲಿ ಹೇಳಿದ: “ಪೈನುಂಚಿ ಪಡ್ಡಾಯಂಟ ಸಾರ್.”

ಮೇಲಿನಿಂದ ಬಿದ್ದವಂತೆ. ಎದ್ದು ಓಡಿಹೋದವು ಎಂದೂ ಸೇರಿಸಿದ. ಡಾಕ್ಟರು ನಕ್ಕರು. ಮಾಲೀಕ ಇನ್ನೊಂದು ಬಿಸ್ಕತ್ತು ಮುಂದಿಟ್ಟ. ಬಂಡೆಪ್ಪನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

“ನಿಮ್ಮಣ್ಣ ಸಾಯಾಕತ್ತಾನಲ್ಲೋ, ಮಾಣಿಕ್ಯಾ” ಎಂದೆ.

“ಬಾಯಿ ಮುಚ್ಚಕ್ಕಾ” ಎಂದ, ತುಟಿ ಅಲ್ಲಾಡಿಸದೆ. “ಗೋಡೌನ್ ಮುಚ್ಚಿದ್ರ ನಾ ಎಲ್ಲಿ ಹೋಗ್ಲಿ?”

ರಂಡೆ ಎಂದಾಗ ಉರಿಯದ ಮೈ ಆ ಅಕ್ಕ ಎಂಬ ಮಾತಿಗೆ ಹೊತ್ತಿಕೊಂಡಿತು.

ಗೋಣಿಚೀಲ ಬಾಗಿಲ ಬಳಿಯೇ ಇತ್ತು. ಹೋಗಿ ತಂದೆ. ತಲೆಯ ಮೇಲೆತ್ತಿ ಮೇಜಿನ ನಡುವೆ ಸುರಿದೆ. ಹೆಗ್ಗಣ ಬಿಸ್ಕತ್ತಿನ ತಟ್ಟೆಗೆ ಬಿತ್ತು. ಡಾಕ್ಟರು ಕುರ್ಚಿ ಕೆಡವಿ ಗೋಡೆಗೆ ಆತುಕೊಂಡರು.

“ಮ್ಯಾಲಿಂದ ಬಿತ್ತು ನೋಡ್ರಿ” ಎಂದೆ. ಮಾಣಿಕಪ್ಪನ ಕಡೆ ತಿರುಗಿದೆ. “ಹೇಳಲೇ ಭಾಡ್ಯಾ. ಈಗ ಹೇಳ, ತೆಲುಗಿನಾಗ.”